ಹೊಗಳುವ ಕೆಲಸ

ಕಾಲೇಜಿನ ಸಭಾಂಗಣಕ್ಕೆ ಹೋಗಲು ನಾನು ಲಿಫ್ಟಿಗಾಗಿ ಕಾಯುತ್ತಿದ್ದೆ. ಮುಂದೆ ಇಬ್ಬರು ಅಧ್ಯಾಪಕಿಯರು ನಿಂತಿದ್ದರು. ಹಿರಿಯಾಕೆಯ ಕೈಯಲ್ಲಿ ಭಾಷಣದ ಹಾಳೆ ಇತ್ತು.

“ನಮ್ಮ ಮೈಕ್ರೋವೇವ್ ಪ್ರೊಫೆಸರ್ ಸಾಹೇಬರಿಗೆ ಎರಡೆರಡು ಪ್ರಶಸ್ತಿಯಂತೆ, ಮೇಡಂ?”

“ಹೂಂ. ಒಂದು ಸಂಶೋಧನೆಗೆ, ಇನ್ನೊಂದು ಪಾಠಕ್ಕೆ.”

“ಪಾಠಕ್ಕಾ? ಅವರು ಕ್ಲಾಸಿಗೆ ಕಾಲಿಟ್ಟಿದ್ದನ್ನ ನಾನಂತೂ ನೋಡಿಲ್ಲ.”

“ಹೇಗೆ ನೋಡ್ತೀಯ? ನಾನು ಸೇರಿದಾಗಿಂದ ಅವರ ಕ್ಲಾಸೆಲ್ಲ ತಗೊಳ್ತಿರೋಳು ನಾನೇ ಅಲ್ವಾ.”

“ಸಂಶೋಧನೆನಾದ್ರೂ ಅವರದೇನಾ?”

“ಆಂಟೆನಾ ಮಾಡಿದ್ದು ಅವರ ಕೈಕೆಳಗಿನ ವಿದ್ಯಾರ್ಥಿನಿ. ಇವರು ಪಕ್ಕ ನಿಂತು ಫೋಟೋ ತೆಗೆಸ್ಕೊಂಡ್ರು.”

“ಯಾರೋ ಉಂಡಿದ್ದಕ್ಕೆ ಇವರು ತೇಗ್ತಾರೆ ಅನ್ನಿ. ಇವತ್ತು ವೇದಿಕೆ ಮೇಲೆ ಅವರನ್ನ ಹೊಗಳೋ ಕೆಲಸ ನಿಮಗೇ ಯಾಕೆ ಬಂತು?”

“ನನಗೆ ಬಾಯಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.”

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಹೊಸ ಕೋಟು ತೊಟ್ಟ ಪ್ರೊಫೆಸರರೇ ನಿಂತಿದ್ದರು.

“ನನ್ನ ಬಗ್ಗೆ ಚೆನ್ನಾಗಿ ಬರೆದಿದೀಯಾ ತಾನೆ, ಅಮ್ಮಾ?”

ಆಕೆ ಹಾಳೆಯನ್ನು ಮಡಚಿ ಅವರ ಕೈಗಿತ್ತರು.

“ನಿಮ್ಮ ಪಾಠ ಇಷ್ಟು ವರ್ಷ ನಾನು ಮಾಡಿದೀನಿ ಸಾರ್. ಹೊಗಳಿಕೆನಾದ್ರೂ ನೀವೇ ಮಾಡ್ಕೊಳ್ಳಿ.”

ಆಕೆ ಲಿಫ್ಟ್ ಹತ್ತಲಿಲ್ಲ. ಮೆಟ್ಟಿಲು ಇಳಿದು ಹೊರಟರು. ಕಿರಿಯಾಕೆ ಒಂದು ಕ್ಷಣ ಸಾಹೇಬರ ಮುಖ ನೋಡಿ, ಮೇಡಂ ಹಿಂದೆಯೇ ಇಳಿದಳು.