ಕಲ್ಲು ಸರಿಸಿದ ಕೈ

ದವಾಖಾನೆಯ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ ಸೊಸೆ ಕುಳಿತಿದ್ದರು. ಸೊಸೆ ಅಂಗೈಗೆ ಸುತ್ತಿಕೊಂಡಿದ್ದ ಕರವಸ್ತ್ರದಲ್ಲಿ ರಕ್ತ ಒಸರಿತ್ತು.

“ತುಂಬಾ ಉರೀತಿದೆಯೇನೆ?”

“ಇಲ್ಲ ಅತ್ತೆ. ಸಮುದ್ರದ ಕಲ್ಲಲ್ವಾ, ಅಂಚು ಬ್ಲೇಡಿನ ಹಾಗಿತ್ತು.”

“ನಾನೇ ನಿನ್ನ ಕೈಲಿ ಅದನ್ನ ಎತ್ತಿಸಿದೆ. ಐದು ದಿನದಿಂದ ಆ ಮೀನು ಏನೂ ತಿಂದಿರಲಿಲ್ಲ, ನೋಡೋಕಾಗ್ಲಿಲ್ಲ.”

“ಅಕ್ವೇರಿಯಂ ಚೆಂದ ಕಾಣಲಿ ಅಂತ ನಿಮ್ಮ ಮಗ ಕಲ್ಲನ್ನೆಲ್ಲ ನಡುವೆ ಗುಡ್ಡೆ ಹಾಕಿದ್ರು. ಚಪ್ಪಟೆ ಕಲ್ಲಿನಡಿ ಇದ್ದ ಅದರ ಬಿಲ ಹೋಯ್ತು. ಪಾಪ, ಮನೆ ಹುಡುಕ್ಕೊಂಡು ಗಾಜಿಗೆ ಮೂತಿ ತಿಕ್ತಾ ಇತ್ತು.”

“ಕೇಳಿದ್ರೆ, ಎರಡು ದಿನದಲ್ಲಿ ಒಗ್ಗಿಕೊಳ್ಳುತ್ತೆ ಬಿಡಮ್ಮ ಅಂದ.”

“ನಾನು ಮದುವೆಯಾಗಿ ಬಂದಾಗ ನೀವೂ ಹಾಗೇ ಅಂದಿದ್ರಿ.”

ಅತ್ತೆ ಸೊಸೆಯ ಕಡೆಗೆ ತಿರುಗಿ ಕುಳಿತರು.

“ಎಷ್ಟು ದಿನ ಹಿಡೀತು?”

“ಒಂದು ವರ್ಷ.”

“ಬಾಯಿಬಿಟ್ಟು ಹೇಳಬಾರದಿತ್ತೇನೆ?”

“ಮೀನು ಹೇಳ್ತಾ?”

ಇಬ್ಬರಿಗೂ ನಗು ಬಂತು.

“ಕಲ್ಲನ್ನ ವಾಪಸ್ ಮೂಲೇಲಿ ಇಟ್ಟ ತಕ್ಷಣ ಹೇಗೆ ನುಗ್ಗಿತು, ನೋಡಿದ್ಯಾ?”

“ನೋಡಿದೆ. ಸಂಜೆ ಅವರು ಬಂದು ಕೇಳಿದ್ರೆ?”

“ನಾನೇ ಮಾಡಿದ್ದು ಅಂತೀನಿ. ನನ್ನ ಮೇಲೆ ರೇಗೋಕೆ ಬರಲಿ, ನೋಡ್ಕೋತೀನಿ.”

ನರ್ಸ್ ಸೊಸೆಯ ಸರದಿ ಕೂಗಿದಳು. ಅತ್ತೆಯೂ ಎದ್ದರು.

“ಪೇಷಂಟ್ ಒಬ್ಬರೇ ಬನ್ನಿ ಅಮ್ಮಾ.”

“ಕೈ ಇವಳದ್ದು, ತಪ್ಪು ನನ್ನದು. ಇಬ್ಬರೂ ಬರ್ತೀವಿ,” ಎಂದ ಅತ್ತೆ, ಸೊಸೆಯ ಮೊಣಕೈ ಹಿಡಿದುಕೊಂಡು ಒಳಗೆ ನಡೆದರು.