ಎಲೆನಮ್ಮನ ಕಾಗದ

ಅಲ್ಲ, ಆ ಪ್ರಚಾರದ ರಿಕ್ಷಾ ಮುಂದೆ ಹೋಗ್ಲಿ ಮಾರಾಯ್ತಿ, ಅವನ ಮೈಕಿನಲ್ಲಿ ನನ್ನ ಮಾತು ನನಗೇ ಕೇಳುದಿಲ್ಲ. ಎಲೆಕ್ಷನ್ ಬಂದ್ರೆ ಮುಂಬಯಿ ಬದಿಯ ಈ ಠಾಣೆ ಊರಿನ ವರ್ತಕ ನಗರದಲ್ಲಿ ಇದೇ ಗೌಜಿ. ಹಾಂ, ಹೋಯ್ತು. ಜನ ಒಬ್ಬ ಲೀಡರನ್ನು ನಂಬುದು ಅಂದ್ರೆ ಏನೂಂತ ನಾನು ಕಂಡದ್ದು ಇಲ್ಲಿ ಅಲ್ಲ, ಅರ್ಜೆಂಟೀನಾದಲ್ಲಿ. ನಗಬೇಡ ಪುಟ್ಟಿ. ನಾನಾಗ ಹಡಗಿನಲ್ಲಿ ಭಂಡಾರಿ, ಭಂಡಾರಿ ಅಂದ್ರೆ ಅಡುಗೆಯವ, ಗೊತ್ತುಂಟಲ್ಲ. ಇಂಜಿನ್ ಕೆಟ್ಟು ಅಲ್ಲಿಯ ಬಂದರಿನಲ್ಲಿ ಎರಡು ತಿಂಗಳು, ಅಲ್ಲಲ್ಲ, ಮೂರು ತಿಂಗಳು ಬಿದ್ದುಕೊಂಡಿದ್ದೆವು. ಊರಿನ ಸುದ್ದಿ ಇಲ್ಲ, ತಿನ್ನಲಿಕ್ಕೆ ದಿನಾ ಬಟಾಟೆ. ಆ ಬಟಾಟೆ ಮಾರುವವಳೇ ಎಲೆನಮ್ಮ. ಎಲೆನಾ ಅಂತ ಹೆಸರು, ನನ್ನ ಬಾಯಿಗೆ ಎಲೆನಮ್ಮ ಅಂತ್ಲೇ ಬರುದು. ಅವರ ಭಾಷೆಯಲ್ಲಿ ನನಗೆ ಹತ್ತಿಪ್ಪತ್ತು ಶಬ್ದ ಬರ್ತಿತ್ತು, ಬಾಕಿ ಎಲ್ಲ ಕೈಸನ್ನೆ.

ಅಲ್ಲಿ ಮಿಲಿಟರಿಯವರ ರಾಜ್ಯ ಮುಗೀತಾ ಬಂದಿತ್ತು, ಎಷ್ಟೋ ವರ್ಷದ ಮೇಲೆ ವೋಟು. ಗೋಡೆಯ ಮೇಲೆಲ್ಲ ಒಬ್ಬ ಲೀಡರನ ಪಟ. ಎಲೆನಮ್ಮ ಅದನ್ನು ತೋರಿಸಿ, "ಇವ ಬಂದ್ರೆ ಬಡವರ ಮಕ್ಕಳಿಗೆ ಶಾಲೆ, ರೊಟ್ಟಿ, ಮತ್ತೆ... ನನ್ನ ಮಗಳೂ ಬರ್ತಾಳೆ" ಅಂತ ಬೆರಳು ಮಡಚುವಳು. ಮಗಳನ್ನು ಕಾಲೇಜಿನಿಂದ ಹಿಡ್ಕೊಂಡು ಹೋದ ಮಿಲಿಟರಿಯವರು ಮತ್ತೆ ಬಿಡ್ಲೇ ಇಲ್ಲ. ಒಂದು ದಿವಸ ಬಟಾಟೆಯ ಅಡಿಯಲ್ಲಿ ಒಂದು ಕಾಗದ ಇಟ್ಟು ಕೊಟ್ಟಳು. ಕಾಣೆಯಾದವರನ್ನು ಹುಡುಕುವ ಹೊರದೇಶದ ಆಫೀಸಿಗೆ ಬರೆದದ್ದು. "ಇಲ್ಲಿ ಪೋಸ್ಟಿಗೆ ಹಾಕಿದ್ರೆ ಒಡೆದು ಓದ್ತಾರೆ. ನಾಳೆ ಹೊರಡುವ ಬೇರೆ ಹಡಗಿನಲ್ಲಿ ನಿಮ್ಮ ಊರಿನವನೊಬ್ಬ ಇದ್ದಾನೆ ಅಂದಿದ್ದೆಯಲ್ಲ, ಅವನ ಕೈಯಲ್ಲಿ ಕಳಿಸು ಮಗಾ." ಸನ್ನೆಯಲ್ಲೇ ಇಷ್ಟೆಲ್ಲ ಹೇಳಿದಳು, ನಾನು ಹೂಂ ಅಂದೆ.

ಬಂದರಿನ ಗೇಟಿನಲ್ಲಿ ಬಂದೂಕಿನವ ಚೀಲದೊಳಗೆ ಕೈ ಹಾಕಿ, "ಬರೀ ಬಟಾಟೆಯಾ?" ಅಂತ ನಕ್ಕು ಒಳಗೆ ಬಿಟ್ಟ. ಅಷ್ಟೇ ಆದದ್ದು ನೋಡು. ಆದ್ರೆ ಕಾಗದ ಸಿಕ್ಕಿದ್ರೆ ನನ್ನನ್ನೂ ಹಿಡ್ಕೊಂಡು ಹೋಗ್ತಿದ್ರು. ಊರಿನಲ್ಲಿ ನಿಮ್ಮ ಅಜ್ಜಿ ಬಸುರಿ. ಹಡಗಿನ ಅಡುಗೆಮನೆಗೆ ಹೋದವನೇ ಕಾಗದ ಒಲೆಗೆ ಹಾಕಿದೆ.

ಮುಂದಿನ ವಾರ ವೋಟಾಯ್ತು, ಆ ಪಟದ ಲೀಡರನೇ ಗೆದ್ದ. ಬೀದಿ ತುಂಬ ಜನ, ಹಾಡುದೇನು, ಕುಣಿಯುದೇನು, ಗುರ್ತ ಇಲ್ಲದವರನ್ನೂ ತಬ್ಬುದು! ಎಲೆನಮ್ಮ ಆ ಗುಂಪಿನಿಂದ ಓಡಿ ಬಂದು, "ಕಾಗದ ಹೋಯ್ತಾ?" ಅಂತ ಕೇಳಿದಳು.

"ಹೋಯ್ತು" ಅಂದೆ.

ಈ ಎರಡು ಕೈಗೂ ಮುತ್ತು ಕೊಟ್ಟಳು ಮಕ್ಕಳೇ. "ಇನ್ನು ಎಲ್ಲ ಸರಿಯಾಗ್ತದೆ" ಅಂದಳು. ಮತ್ತೆ ನಮ್ಮ ಹಡಗು ಹೊರಟಿತು.

ಏನಂದೆ ಪುಟ್ಟಿ? "ಡರ್ ಗಯೇ ಥೇ ನಾ ಅಜ್ಜಾ?" ಹೌದು, ಹೆದರಿದ್ದೆ. ಹೆದರಿಕೆ ಯಾರಿಗಿಲ್ಲ? ಅದನ್ನು ನಾನು ಎಂದೋ ಮರೆತೆ. ಆದ್ರೆ ಠಾಣೆ ಸ್ಟೇಷನ್ನಿನ ಹೊರಗೆ ಯಾವ ಮುದುಕಿ ತರಕಾರಿ ಹಾಕಿ ಕೂತರೂ ನನಗೆ ಅವಳದೇ ಮುಖ ಕಾಣುದು, ನಾನು ಆಚೆ ಬದಿಯಿಂದ ಹೋಗುದು. ಕಾಗದ ಹೋಗ್ಲಿಲ್ಲ ಅಂತ ಅವತ್ತು ಹೇಳಿದ್ರೆ ಅವಳು ಇನ್ನೊಂದು ಬರೀತಿದ್ದಳು, ಧೈರ್ಯ ಇದ್ದ ಇನ್ನೊಬ್ಬನ ಕೈಯಲ್ಲಿ ಕೊಡ್ತಿದ್ದಳು. ನಾನು ಹೋಯ್ತು ಅಂದೆ, ಅವಳು ಉತ್ತರಕ್ಕೆ ಕಾದು ಕೂತಳು. ಎಷ್ಟು ವರ್ಷ ಕಾದಳೋ ಏನೋ.

ನಿಮ್ಮ ಕೈಯಲ್ಲಿ ಆಗದಿದ್ರೆ ಆಗ್ಲಿಲ್ಲ ಅಂತ ನಂಬಿ ಕೆಲಸ ಕೊಟ್ಟವರ ಮುಖ ನೋಡಿ ಹೇಳಿಬಿಡಿ.