ಹಜರಾಬೀಯವರ ಕೈ, ನನ್ನ ಒಂದು ರೊಟ್ಟಿ

ನನ್ನ ಭಾಷಣ ಎಷ್ಟು ಉದ್ದವಿದೆಯೋ ಎಂದು ಗಡಿಯಾರ ನೋಡುತ್ತಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೂ ನನ್ನ ಕಕ್ಷಿದಾರರೂ ಆದ ಡಾಕ್ಟರ್ ಸುನೀಲಕುಮಾರ ಅವರೇ, ಯಾದಗಿರಿ, ಶಹಾಪುರ, ಸುರಪುರದ ವಕೀಲ ಬಂಧುಗಳೇ, ಮೊದಲ ಸಾಲಿನಲ್ಲಿ ಕೂತು ಈಗಲೇ ಹಣೆ ಒತ್ತಿಕೊಳ್ಳುತ್ತಿರುವ ನನ್ನ ಧರ್ಮಪತ್ನಿ ಸುಂದ್ರಮ್ಮನವರೇ, ಹಾಗೂ ಸಭಿಕರೇ,

ನಲವತ್ತು ವರ್ಷ ವಕೀಲಿ ಮಾಡಿದ ಈ ಖಂಡಪ್ಪನಿಗೆ ಶಾಲು ಹೊದಿಸಿದ್ದೀರಿ. ಏಪ್ರಿಲ್ ತಿಂಗಳು, ಯಾದಗಿರಿ, ಉಣ್ಣೆಯ ಶಾಲು! ಇದು ಸನ್ಮಾನವೋ, ಶಿಕ್ಷೆಯೋ? ಪೇಟವಂತೂ ಕಣ್ಣ ಮೇಲೆ ಜಾರಿ ಅರ್ಧ ಸಭೆ ಕಾಣುತ್ತಿಲ್ಲ. ನಗಿ, ನಗಿ. ನಾನು ಗೆದ್ದ ಮೊಕದ್ದಮೆಗಳನ್ನೆಲ್ಲ ಪರಿಚಯ ಮಾಡಿದವರು ಹೇಳಿಬಿಟ್ಟರು. ಸೋತದ್ದನ್ನು ಯಾರು ಹೇಳಬೇಕು? ನಾನೇ ಹೇಳಬೇಕು. ಈಚೆಗೆ ಸೋತಷ್ಟು ಚೆಂದವಾಗಿ ನಾನು ಜನ್ಮದಲ್ಲೇ ಸೋತಿರಲಿಲ್ಲ.

ಶಹಾಪುರದ ಹಜರಾಬೀಯವರು ಜ್ವರವೆಂದು ನಮ್ಮ ಡಾಕ್ಟರ್ ಸಾಹೇಬರ ಆಸ್ಪತ್ರೆಗೆ ಹೋದರು. ಕಂಪೌಂಡರ್ ಬಲತೋಳಿಗೆ ಚುಚ್ಚಿದ ಸೂಜಿ ನರಕ್ಕೆ ತಾಗಿತು. ಜ್ವರ ಇಳಿಯಿತು, ಕೈಯೂ ಇಳಿಯಿತು. ಮಣಿಕಟ್ಟು ಜೋತುಬಿದ್ದದ್ದು ಮತ್ತೆ ಮೇಲೇಳಲೇ ಇಲ್ಲ. ತಪ್ಪಾಗಿದೆ ಎಂದು ಗ್ರಾಹಕರ ಆಯೋಗದಲ್ಲಿ ನಾವೇ ಒಪ್ಪಿಕೊಂಡೆವು. ಉಳಿದದ್ದು ಒಂದೇ ಪ್ರಶ್ನೆ. ಆ ಕೈಗೆ ನ್ಯಾಯವಾದ ಪರಿಹಾರ ಎಷ್ಟು?

ಲೆಕ್ಕ ಸರಳ. ಆದಾಯ ಎಷ್ಟು, ದುಡಿಯುವ ವರ್ಷ ಎಷ್ಟು ಉಳಿದಿವೆ, ಕೈ ಎಷ್ಟು ಪಾಲು ಹೋಯಿತು, ಗುಣಿಸುವುದು. ನನ್ನ ಉಪಾಯ ಇನ್ನೂ ಸರಳ. ಆದಾಯವೇ ಸೊನ್ನೆ ಎಂದು ತೋರಿಸಿಬಿಟ್ಟರೆ ಆಯಿತಲ್ಲ?

‘ಹಜರಾಬೀ, ನಿಮ್ಮ ಉದ್ಯೋಗ ಏನ್ರಿ?’

‘ರೊಟ್ಟಿ ಬಡೀತಿದ್ನಿರಿ. ಓಣ್ಯಾಗ ಯಾರ ಮನ್ಯಾಗ ಮದುವಿ ಇರ್ಲಿ, ಮೊದ್ಲ ನನಗ ಕರೀತಿದ್ರು.’

‘ಕೂಲಿ ಎಷ್ಟು?’

‘ಅಯ್ಯ, ಕೂಲಿ ಎಲ್ಲೀದ್ರಿ ವಕೀಲಸಾಬ? ಮುಯ್ಯಿ ಅದ. ಇವತ್ತ ನಾ ಅವರ ಮನಿಗಿ, ನಾಳಿ ನನ್ನ ಮಗಳು ನುಜ್ಹತಳ ಮದುವಿಗಿ ಅವರು ನಮ್ಮ ಮನಿಗಿ.’

ಕೂಲಿ ಇಲ್ಲ! ‘ಬರೆದುಕೊಳ್ಳಿ, ಬರೆದುಕೊಳ್ಳಿ’ ಎಂದು ನಾನು ಮೇಜು ಗುದ್ದಿದೆ. ಅಲ್ಲಿಗೇ ಕೂತಿದ್ದರೆ ಗೆದ್ದಿರುತ್ತಿದ್ದೆ. ಕೂತೆನೇ? ‘ಅಷ್ಟಕ್ಕೂ ರೊಟ್ಟಿಯನ್ನು ಎಡಗೈಯಿಂದಲೂ ಬಡಿಯಬಹುದು ಮೇಡಂ’ ಎಂದುಬಿಟ್ಟೆ. ಆಯೋಗದ ಅಧ್ಯಕ್ಷೆ ಪರಿಮಳಾ ಮೇಡಂ ಕನ್ನಡಕ ತೆಗೆದು ಕೇಳಿದರು, ‘ಬಡದು ತೋರಸ್ತೀರೇನ್ರಿ?’

ತೋರಿಸುತ್ತೇನೆ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎಂಟು ದಿನ ಮನೆಯಲ್ಲಿ ಅಭ್ಯಾಸ. ಕುದಿಯುವ ನೀರಿಗೆ ಬೆರಳು ಸುಟ್ಟುಕೊಂಡೆ. ನನ್ನ ರೊಟ್ಟಿಯನ್ನು ಓಣಿಯ ನಾಯಿ ಮೂಸಿ ನೋಡಿ, ನನ್ನ ಮುಖ ನೋಡಿ, ಹೊರಟುಹೋಯಿತು. ಸುಂದ್ರಮ್ಮ ನಕ್ಕು ನಕ್ಕು ನೆಲಕ್ಕೆ ಕೂತಳು. ಕಣ್ಣೊರೆಸಿಕೊಂಡು ಅಂದಳು, ‘ಮೂವತ್ತೆಂಟು ವರ್ಸ ಬಡದೀನಿ. ಬಲಗೈ ನೋಯಾಕತ್ತದ ಅಂತ ಹೋದ ವರ್ಸ ನಿಮಗ ಹೇಳಿದ್ನಿ. ನೀವು ಪೇಪರ್ ಓದಾಕತ್ತಿದ್ರಿ.’

ಸಭಿಕರೇ, ಈ ಮಾತು ನಾನು ಬರೆದು ತಂದ ಭಾಷಣದಲ್ಲಿ ಇಲ್ಲ. ಬಿಟ್ಟುಬಿಡಿ. ಬೇಡ, ಬಿಡಬೇಡಿ. ಅವಳು ಹೇಳಿದ್ದು ನನಗೆ ನೆನಪೇ ಇರಲಿಲ್ಲ. ನಾಚಿಕೆಯಾಯಿತು.

ವಿಚಾರಣೆಯ ದಿನ ಬಂತು. ಕರಿ ಕೋಟು, ಮುಂದೆ ರೊಟ್ಟಿ ಬಡಿಯುವ ಪರಾತ, ಜೋಳದ ಹಿಟ್ಟು, ಫ್ಲಾಸ್ಕಿನಲ್ಲಿ ಬಿಸಿನೀರು. ಬಲಗೈ ಬೆನ್ನ ಹಿಂದೆ ಕಟ್ಟಿ ಎಡಗೈಯಿಂದ ಬಡಿದೆ. ಹಿಟ್ಟು ಕೋಟಿಗೆ, ಕೋಟಿನಿಂದ ಮೀಸೆಗೆ, ಮೀಸೆಯಿಂದ ಫೈಲಿಗೆ. ರೊಟ್ಟಿ ಮೊದಲು ಎರಡಾಯಿತು, ಆಮೇಲೆ ಮೂರಾಯಿತು. ಮೇಡಂ ನಕ್ಕರು, ಜವಾನ ನಕ್ಕ, ಹಜರಾಬೀಯವರೂ ಸೆರಗು ಬಾಯಿಗಿಟ್ಟು ನಕ್ಕರು. ನೋಡಲಾರದೆ ಎದ್ದುಬಂದು, ‘ಆಚಿ ಸರೀರಿ ವಕೀಲಸಾಬ, ಹಿಟ್ಟು ಜರಾ ನಾದಬೇಕು’ ಅಂದರು. ಎಡಗೈಯಿಂದ ಬಲಗೈ ಎತ್ತಿ ಹಿಟ್ಟಿನ ಮೇಲಿಟ್ಟರು.

‘ಬಿಸಿ ಅದನೋ ತಣ್ಣಗದನೋ, ನನಗ ಗೊತ್ತೇ ಆಗವಲ್ದು.’

ಆಮೇಲೆ ಯಾರೂ ನಗಲಿಲ್ಲ. ಎಂಟು ಲಕ್ಷ ಕೊಡಬೇಕೆಂದು ಆದೇಶವಾಯಿತು. ಕೂಲಿ ಪಡೆಯದೆ ಮಾಡಿದ ಕೆಲಸವೂ ಕೆಲಸವೇ ಎಂದು ಮೇಡಂ ಬರೆದರು.

ಮೇಲ್ಮನವಿಗೆ ನಾಳೆಯೇ ಕೊನೆಯ ದಿನ. ಈಗಷ್ಟೇ ಹಾರ ಹಾಕುವಾಗ ಡಾಕ್ಟರ್ ಸಾಹೇಬರು ನನ್ನ ಕಿವಿಯಲ್ಲಿ ಏನೋ ಅಂದರಲ್ಲ, ನೀವೆಲ್ಲ ಹರಸುತ್ತಿದ್ದಾರೆಂದು ಚಪ್ಪಾಳೆ ಹೊಡೆದಿರಿ. ಅವರು ಅಂದದ್ದು, ‘ಅಪೀಲು ತಯಾರದನೇನ್ರಿ?’

ಇಲ್ಲ ಡಾಕ್ಟರೇ. ‘ಆದಾಯವಿಲ್ಲದ ಹೆಂಗಸು’ ಎಂದು ಬರೆಯಲು ಹನ್ನೊಂದು ಸಲ ಕೂತೆ. ಹನ್ನೊಂದು ಸಲವೂ ಒಳಗಿನಿಂದ ಸುಂದ್ರಮ್ಮ ರೊಟ್ಟಿ ಬಡಿಯುವ ಸದ್ದು. ನನ್ನಿಂದಾಗಲಿಲ್ಲ. ನಿಮ್ಮ ಕಾಗದ, ನಿಮ್ಮ ಫೀಸು ಈ ಚೀಲದಲ್ಲಿವೆ. ಈ ಸಭೆಯಲ್ಲೇ ನೂರು ವಕೀಲರಿದ್ದಾರೆ, ಯಾರಿಗಾದರೂ ಕೊಡಿ. ಕಕ್ಷಿದಾರನ ಗುಟ್ಟನ್ನು ವಕೀಲ ವೇದಿಕೆಯಲ್ಲಿ ಬಿಚ್ಚಬಾರದು, ಗೊತ್ತು. ನನ್ನ ಮೇಲೂ ದಾವೆ ಹಾಕಿ, ನಿಮಗೆಷ್ಟು ಪರಿಹಾರ ಎಂಬುದನ್ನು ಪರಿಮಳಾ ಮೇಡಂ ಹೇಳುತ್ತಾರೆ!

ಏನಿದು, ಚೀಟಿ? ಭಾಷಣ ಸಾಕು ಮಾಡಿ ಎಂದಿರಬೇಕು. ಅಲ್ಲ, ಡಾಕ್ಟರ್ ಸಾಹೇಬರ ಅಕ್ಷರ. ಹಾಗಾದರೆ ಔಷಧ ಅಂಗಡಿಯವರನ್ನು ಕರೆಸಿ ಓದಿಸಬೇಕಾಗುತ್ತದೆ. ತಡೆಯಿರಿ, ಬರುತ್ತದೆ. ‘ಅಪೀಲು ಬ್ಯಾಡ. ಸೋಮವಾರ ರೊಕ್ಕ ಕಟ್ತೀನಿ. ಆದ್ರ ಹಜರಾಬೀಗ ಮಾರಿ ಹ್ಯಾಂಗ ತೋರಸ್ಲಿ?’

ಡಾಕ್ಟರೇ, ಅದು ನನಗೂ ಗೊತ್ತಿಲ್ಲ. ಸೋಮವಾರ ಇಬ್ಬರೂ ಕೂಡಿಯೇ ಹೋಗೋಣ. ಇಷ್ಟು ಹೊತ್ತು ನನ್ನನ್ನು ಸಹಿಸಿದ ತಮಗೆಲ್ಲ ಕೈಮುಗಿಯುತ್ತೇನೆ, ನಮಸ್ಕಾರ.